ಅಕ್ಕನ ಹನ್ನೆರಡು ದಿನದ ವೇಳಾಪಟ್ಟಿ

ಅಕ್ಟೋಬರ್ 4, ಶನಿವಾರ

ಲ್ಯಾಬಿನಿಂದ ತಂದ ನೋಟ್‌ಬುಕ್ಕು ಇದು. ಪ್ರತಿ ಪುಟದ ತಲೆಯಲ್ಲೂ ‘ರೋಗಿಯ ಹೆಸರು, ವಯಸ್ಸು, ತೊಂದರೆ’ ಎಂದು ಅಚ್ಚಾಗಿದೆ. ಹೆಸರು ಬೇಡ. ವಯಸ್ಸು ನಲವತ್ಮೂರು. ತೊಂದರೆ: ಭಯ.

ಮೊದಲ ದಿನ ಮುಗಿಯಿತು. ಎಪ್ಪತ್ತೆಂಟು ಕಿಲೋಮೀಟರ್ ಸೈಕಲ್ ತುಳಿದು ಈ ಲಾಡ್ಜಿಗೆ ಬಂದು ಬಿದ್ದಿದ್ದೇವೆ. ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ, ಒಳಗಿಂದ ಶಿಳ್ಳೆ ಕೇಳಿಸುತ್ತಿದೆ. ನನಗೆ ಕೂತರೂ ನೋವು, ನಿಂತರೂ ನೋವು. ಬೋರಲು ಮಲಗಿ ಬರೆಯುತ್ತಿದ್ದೇನೆ.

ಈ ಪ್ರವಾಸಕ್ಕೆ ಬರಬೇಕಾದವಳು ನಾನಲ್ಲ, ಅಕ್ಕನ ಸೈಕಲ್ ಕ್ಲಬ್ಬಿನ ಗೆಳತಿ. ಕೊನೇ ಗಳಿಗೆಯಲ್ಲಿ ಅವಳ ಮೊಣಕಾಲು ಕೈಕೊಟ್ಟಿತಂತೆ. ಅಕ್ಕ ಫೋನ್ ಮಾಡಿ, “ನೀನು ಬರ್ತೀಯ” ಅಂದಳು. ಬರ್ತೀಯಾ ಎಂದು ಕೇಳಲಿಲ್ಲ. ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷ ಬಸ್ಸುಗಳ ವೇಳಾಪಟ್ಟಿ ಹಾಕಿದವಳು ಅವಳು, ಹೇಳಿ ಅಭ್ಯಾಸ. ಎಂಟು ವರ್ಷ ಚಿಕ್ಕವಳಾದ ನನಗೆ ಕೇಳಿ ಅಭ್ಯಾಸ. ಲ್ಯಾಬಿಗೆ ರಜೆ ಹಾಕಿದೆ. ಹದಿನೆಂಟು ವರ್ಷದಿಂದ ಜನರ ತೋಳಿಗೆ ಸೂಜಿ ಚುಚ್ಚಿ, “ಹೆದರ್ಕೋಬೇಡಿ, ಇರುವೆ ಕಚ್ಚಿದ ಹಾಗೆ ಅಷ್ಟೇ” ಎನ್ನುವವಳು ನಾನು. ನನಗೆ ಹಾಗೆ ಹೇಳುವವರು ಈ ರಸ್ತೆಯಲ್ಲಿ ಯಾರೂ ಇಲ್ಲ.

ಹನ್ನೆರಡು ದಿನ, ಒಂಬೈನೂರು ಕಿಲೋಮೀಟರ್. ಬಯಲು ದಾಟಿ, ಬೆಟ್ಟದ ರಸ್ತೆ ಹತ್ತಿಳಿದು, ಸಮುದ್ರದ ದಂಡೆಯ ದೀಪಸ್ತಂಭದವರೆಗೆ. ಪ್ಲಾಸ್ಟಿಕ್ ಹೊದಿಸಿದ ವೇಳಾಪಟ್ಟಿ ಅಕ್ಕನ ಹ್ಯಾಂಡಲಿಗೆ ಕಟ್ಟಿದೆ. ಬೆಳಿಗ್ಗೆ ಏಳಕ್ಕೆ ಹೊರಡುವುದು, ನಾಲ್ಕರೊಳಗೆ ತಲುಪುವುದು. ಒಂದು ನಿಮಿಷ ಹಿಂದೆಮುಂದೆ ಇಲ್ಲ. ಮುಂದೆ ಅಕ್ಕ, ಹಿಂದೆ ನಾನು.

ಇವತ್ತಿನ ಹೆದರಿಕೆಗಳು: ಲಾರಿ, ನಾಯಿ, ಇಳಿಜಾರು, ನನ್ನ ಹಿಂಚಕ್ರದಿಂದ ಬರುವ ಟಿಕ್‌ಟಿಕ್ ಸದ್ದು. ಸದ್ದಿನ ವಿಷಯ ಹೇಳಿದರೆ ಅಕ್ಕ, “ಅದು ನಿನ್ನ ಎದೆ ಕಣೇ ಪುಕ್ಲಿ” ಅಂದಳು. ಚಿಕ್ಕಂದಿನಿಂದಲೂ ಅವಳ ಬಾಯಲ್ಲಿ ನಾನು ಪುಕ್ಲಿಯೇ.

ಅಕ್ಟೋಬರ್ 5, ಭಾನುವಾರ

ಎದುರುಗಾಳಿ. ತುಳಿದರೂ ತುಳಿಯದಿದ್ದರೂ ಒಂದೇ. ಒಂದೇ ಮೈಲಿಗಲ್ಲನ್ನು ಹತ್ತು ನಿಮಿಷ ನೋಡಿದೆ. ಕಾಲಿನಲ್ಲಿ ಜೀವವಿಲ್ಲ, ಬರೆಯಲು ಆಗದು.

ಅಕ್ಟೋಬರ್ 7, ಮಂಗಳವಾರ

ಮಳೆ ಹಿಡಿದುಕೊಂಡಿತು. ಹನ್ನೊಂದು ಗಂಟೆಗೆ ಪಶ್ಚಿಮದ ಕಡೆ ಆಕಾಶ ಕಪ್ಪಾಗುತ್ತ ಬಂತು, ಆಮೇಲೆ ತಣ್ಣನೆಯ ಗಾಳಿ, ಆಮೇಲೆ ದಪ್ಪ ಹನಿ. ಮಿಂಚು ಹೊಡೆದಾಗ ಒಂದು, ಎರಡು ಎಂದು ಎಣಿಸುವ ಚಟ ನನಗೆ. ಐದಕ್ಕೇ ಗುಡುಗಿತು. ಸುತ್ತ ಬರೀ ಬಯಲು, ಅದರಲ್ಲಿ ಎತ್ತರವಾಗಿರುವುದು ನಾವಿಬ್ಬರೇ, ಅದೂ ಕಬ್ಬಿಣದ ಮೇಲೆ ಕೂತು. “ಅಕ್ಕಾ, ನಿಲ್ಲೇ” ಎಂದು ಕೂಗಿದೆ. ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿಸದವಳಂತೆ ಇದ್ದಳೋ.

ಒಂದು ಪೆಟ್ರೋಲ್ ಬಂಕ್ ಸಿಕ್ಕಿತು, ದೇವರು ದೊಡ್ಡವನು. ಅಲ್ಲಿ ಪೈಪ್ ಹಿಡಿದು ನಿಂತಿದ್ದ ಹೆಂಗಸು ನಮ್ಮನ್ನು ನೋಡಿ ತಲೆ ಚಚ್ಚಿಕೊಂಡಳು. “ಬನ್ನಿ, ಒಳಗೆ ಬನ್ನಿ. ಯಾರಮ್ಮ ನಿಮ್ಮನ್ನ ಮನೆಯಿಂದ ಓಡಿಸಿದ್ದು?”

ಅರ್ಧ ಗಂಟೆಯಾಗಿರಲಿಲ್ಲ, ಅಕ್ಕ ಹೆಲ್ಮೆಟ್ ಏರಿಸಿದಳು. “ಇಪ್ಪತ್ತೆಂಟು ನಿಮಿಷ ತಡ. ನಡಿ.”

“ಇನ್ನೂ ಮಿಂಚ್ತಾ ಇದೆ.”

“ನಾಲ್ಕರೊಳಗೆ ಸೇರ್ಬೇಕು. ಹೆದರೋದನ್ನ ಅಲ್ಲಿ ಹೋಗಿ ಹೆದರು.”

ಬಂಕಿನ ಹೆಂಗಸು ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುತ್ತೇನೆ ಎಂದು ಕಾದಳೇನೋ. ನಾನು ಚೀಲದ ಬಕಲ್ ಹಾಕಿಕೊಂಡೆ.

ಬಂಕಿನಿಂದ ರಸ್ತೆಗೆ ಇಳಿಯುವಲ್ಲೇ ಅಕ್ಕ ಒಂದು ಗುಂಡಿಗೆ ಸೀದಾ ಚಕ್ರ ಇಳಿಸಿದಳು. ಕಂಡೂ ಕಂಡೂ ಯಾರೂ ಇಳಿಸದಂಥ ಗುಂಡಿ. ಅವಸರಕ್ಕೆ ಕಣ್ಣೇ ಇಲ್ಲ. ಬಿದ್ದು, ತಾನೇ ಎದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಅಕ್ಟೋಬರ್ 8, ಬುಧವಾರ

ಮನೆಯವರು ಬೆಳಿಗ್ಗೆಯೇ ಫೋನ್ ಮಾಡಿದರು. ಸಮುದ್ರದ ಮೇಲೆ ವಾಯುಭಾರ ಕುಸಿದಿದೆ, ಸೋಮವಾರವೋ ಮಂಗಳವಾರವೋ ದಡಕ್ಕೆ ಬಡಿಯುತ್ತದೆ, ಬೆಟ್ಟದ ಕಡೆ ಭಾರಿ ಮಳೆ. ಅವರು ಮಾತಾಡುವಾಗ ಹಿಂದೆ ಟೀವಿಯಲ್ಲೂ ಅದನ್ನೇ ಹೇಳುತ್ತಿತ್ತು, ಭಯ ಎರಡು ಕಡೆಯಿಂದ ಬಂದ ಹಾಗಾಯಿತು. ಅಕ್ಕನಿಗೆ ಹೇಳಿದೆ.

“ನಿನ್ನ ಗಂಡ ಮನೇಲಿ ಕೂತು ಕುಸಿದ್ರೆ ಅದಕ್ಕೆ ಸಮುದ್ರ ಏನು ಮಾಡುತ್ತೆ?” ಅಂದಳು.

ಮಧ್ಯಾಹ್ನ ಒಂದು ಸುರಂಗ ಬಂತು. ಗುಡ್ಡ ಕೊರೆದು ಮಾಡಿದ ರಸ್ತೆ, ಮುನ್ನೂರು ಮೀಟರ್ ಇರಬಹುದು, ಒಳಗೆ ದೀಪ ಕೆಟ್ಟಿತ್ತು. ನಾನು ಎದೆ ಗಟ್ಟಿ ಮಾಡಿಕೊಳ್ಳುತ್ತಿದ್ದರೆ, ಅಕ್ಕ ಸುರಂಗದ ಬಾಯಲ್ಲೇ ನಿಂತುಬಿಟ್ಟಳು. “ಇಳಿದು ತಳ್ಳಿಕೊಂಡು ಹೋಗೋಣ” ಅಂದಳು. ಟೈರಿಗೆ ಗಾಳಿ ಕಡಿಮೆ ಅನ್ನಿಸುತ್ತಿದೆಯಂತೆ. ನನ್ನನ್ನು ಮುಂದೆ ಬಿಟ್ಟು, ನನ್ನ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಹಿಡಿದು ಬಂದಳು. ಆಚೆ ಬಂದಮೇಲೆ ಟೈರ್ ಒತ್ತಿ ನೋಡಿದೆ. ಕಲ್ಲಿನ ಹಾಗಿತ್ತು.

ನನ್ನ ಮೇಲೆ ಕರುಣೆ ಬಂದು ನೆಪ ಹೇಳಿರಬೇಕು. ಒಳ್ಳೆಯವಳು ನಮ್ಮಕ್ಕ, ತೋರಿಸಿಕೊಳ್ಳುವುದಿಲ್ಲ ಅಷ್ಟೇ.

ಅಕ್ಟೋಬರ್ 9, ಗುರುವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಮಧ್ಯಾಹ್ನ ಎರಡೂವರೆಗೇ ಮುಸ್ಸಂಜೆಯ ಹಾಗೆ ಕವಿಯಿತು. ಮಳೆ ಜೋರಿರಲಿಲ್ಲ, ಬೆಳಕೇ ಇರಲಿಲ್ಲ. ರಸ್ತೆಯ ಎಡಕ್ಕೆ ಒಂದು ಟ್ರೇಲರ್ ನಿಲ್ಲಿಸಿದ್ದರು, ಮರದ ದಿಮ್ಮಿ ಹೇರಿದ್ದು, ಹಿಂದೆ ದೀಪವಿಲ್ಲ. ನನಗೆ ಅದು ನೂರು ಮೀಟರ್ ದೂರದಿಂದಲೇ ಕಾಣುತ್ತಿತ್ತು. ಅಕ್ಕ ಈಗ ಬಲಕ್ಕೆ ಸರಿಯುತ್ತಾಳೆ, ಈಗ ಸರಿಯುತ್ತಾಳೆ ಎಂದುಕೊಂಡೆ. ಸರಿಯಲೇ ಇಲ್ಲ. ನಾನು ಕಿರುಚಿದ ಮೇಲೆ ಹ್ಯಾಂಡಲ್ ತಿರುಗಿಸಿದಳು. ಭುಜ ದಿಮ್ಮಿಗೆ ತಾಗಿ ರಸ್ತೆಯ ನಡುವೆ ಬಿದ್ದಳು. ಹಿಂದಿನಿಂದ ಒಂದು ಕಾರು. ಅದರ ಬ್ರೇಕಿನ ಸದ್ದು ಕಿವಿಯಿಂದ ಹೋಗುತ್ತಿಲ್ಲ. ಅಕ್ಕನ ಕಾಲಿಗೂ ಕಾರಿನ ಬಂಪರಿಗೂ ನಡುವೆ ಒಂದು ಚೀಲ ಇಡುವಷ್ಟು ಜಾಗ.

ಕಾರಿನವನೇ ಪಟ್ಟಣದವರೆಗೆ ಕರೆತಂದ. ಮೂಳೆ ಮುರಿದಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕಿತ್ತಿದೆ. ಲಾಡ್ಜಿನ ಮಂಚದ ಮೇಲೆ ಕೂರಿಸಿ ನಾನೇ ತೊಳೆದೆ. ರಕ್ತ ನೋಡಿದರೆ ನನ್ನ ಕೈ ತಾನಾಗಿ ಸ್ಥಿರವಾಗುತ್ತದೆ, ಅದೊಂದು ಗುಣ. “ಹತ್ತಿ ಹಿಡ್ಕೋ” ಎಂದು ಅವಳ ಪಕ್ಕಕ್ಕೆ ಚಾಚಿದೆ. ಹಿಡಿಯಲಿಲ್ಲ. ಇನ್ನೊಮ್ಮೆ ಹೇಳಿದೆ. ಅವಳ ಕೈ ಗಾಳಿಯಲ್ಲಿ ತಡಕಾಡಿತು. ಆಮೇಲೆ ಇಡೀ ತಲೆಯನ್ನೇ ತಿರುಗಿಸಿ ಹತ್ತಿಯನ್ನು ಹುಡುಕಿದಳು.

ನಾನು ಕೇಳಿದೆ. “ಅಕ್ಕ, ನಿನ್ನ ಕಣ್ಣಿಗೆ ಏನಾಗಿದೆ?”

“ಏನೂ ಇಲ್ಲ.”

“ಟ್ರೇಲರ್ ಕಾಣಿಸ್ಲಿಲ್ವಾ?”

ಹತ್ತಿಯನ್ನು ಬೆರಳಲ್ಲಿ ಹಿಂಜುತ್ತ ಹೇಳಿದಳು. ಡಿಪೋದ ವೈದ್ಯಕೀಯ ತಪಾಸಣೆಯಲ್ಲಿ ಗೊತ್ತಾಯಿತಂತೆ, ಎರಡು ವರ್ಷವಾಯಿತು. ಸುತ್ತಲಿಂದ ನೋಟ ಮುಚ್ಚಿಕೊಳ್ಳುತ್ತ ಬರುವ ಕಾಯಿಲೆ. “ನಡುವೆ ಒಂದು ಕಿಟಕಿ ಇದ್ದ ಹಾಗೆ. ಒಳ್ಳೆ ಬಿಸಿಲಿದ್ರೆ ಎದುರಿಗಿರೋದು ಚೆನ್ನಾಗೇ ಕಾಣುತ್ತೆ. ಪಕ್ಕದ್ದು ಕಾಣಲ್ಲ. ಬೆಳಕು ಕಡಿಮೆ ಆದ್ರೆ ಏನೂ ಇಲ್ಲ.” ಔಷಧಿ ಇಲ್ಲವಂತೆ. ಕಿಟಕಿ ವರ್ಷ ವರ್ಷಕ್ಕೂ ಚಿಕ್ಕದಾಗುತ್ತದಂತೆ.

ಏಳು ಗಂಟೆ, ನಾಲ್ಕು ಗಂಟೆ ಈಗ ಅರ್ಥವಾಯಿತು. ಸುರಂಗವೂ.

ಆರು ದಿನ ಅವಳ ಹಿಂದೆ ಬಂದಿದ್ದೇನೆ. ಮುಂದೆ ಹೋಗುವವಳಿಗೆ ಕಾಣುತ್ತದೆ ಎಂಬ ಒಂದೇ ಧೈರ್ಯದ ಮೇಲೆ.

ಅಕ್ಟೋಬರ್ 10, ಶುಕ್ರವಾರ

ಬೆಳಿಗ್ಗೆ ಜಗಳ. ನಾನು ಬಸ್ಸು ಹತ್ತೋಣ ಅಂದೆ. ಅಕ್ಕ ಬ್ಯಾಂಡೇಜಿನ ಕೈಯಲ್ಲೇ ಚೀಲ ತುಂಬಿಕೊಳ್ಳುತ್ತ, “ನೀನು ಹತ್ತು. ನಾನು ಬರಲ್ಲ. ಮುಂದಿನ ವರ್ಷ ಅಂತ ನನಗಿಲ್ಲ ಕಣೇ” ಅಂದಳು. ನಾನು ಬಾಗಿಲು ದಡಾರನೆ ಹಾಕಿಕೊಂಡು ಹೊರಗೆ ಬಂದೆ. ಬಂದವಳಿಗೆ ಎಲ್ಲಿಗೆ ಹೋಗಬೇಕೆಂದೇ ಗೊತ್ತಿರಲಿಲ್ಲ.

ಸೈಕಲ್ ಅಂಗಡಿಗೆ ಹೋದೆ, ನಿನ್ನೆ ಬಿದ್ದ ಏಟಿಗೆ ಅಕ್ಕನ ಮುಂಚಕ್ರ ಸೊಟ್ಟಗಾಗಿತ್ತು. ಅಂಗಡಿಯವನಿಗೆ ಅರವತ್ತರ ಮೇಲಿರಬೇಕು, ಮೂಗಿನ ತುದಿಗೆ ಕನ್ನಡಕ. ಚಕ್ರ ತಿರುಗಿಸಿ, ಒಂದೊಂದೇ ಕಡ್ಡಿ ಬಿಗಿ ಮಾಡುತ್ತ ಕೂತ. ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಹೇಳಿದೆ.

“ಹೆದ್ದಾರಿಯಲ್ಲಾ? ಈ ಹವಾದಲ್ಲಾ?” ಅಂದ. “ಕಾಲುವೆ ಏರಿ ಮೇಲೆ ರಸ್ತೆ ಇದೆಯಲ್ಲಮ್ಮ. ಸುತ್ತು, ಆದ್ರೆ ಲಾರಿ ಬರಲ್ಲ. ಮಳೆ ಈಗೀಗ ಮಧ್ಯಾಹ್ನದ ಮೇಲೆ ಹಿಡಿಯುತ್ತೆ. ಬೆಳಿಗ್ಗೆ ಹೋಗಿ, ಹನ್ನೆರಡಕ್ಕೆ ನಿಲ್ಸಿ.”

ಅವನ ಹತ್ತಿರವೇ ಒಂದು ರಟ್ಟಿನ ಮೇಲೆ ದಾರಿ ಬರೆಸಿಕೊಂಡೆ. ಎಲ್ಲಿ ಊರು, ಎಲ್ಲಿ ಸೂರು, ಎಲ್ಲಿಂದ ಬಸ್ಸು ಸಿಗುತ್ತದೆ, ಎಲ್ಲವನ್ನೂ ಕೇಳಿದೆ. ಸುಮ್ಮನೆ ಕೇಳಿದ್ದು. ಹಿಂದಕ್ಕೆ ಬರುವಾಗ ಕೆಂಪು ಹಿಂದೀಪ ಎರಡು, ಹಳದಿ ಮಳೆಕೋಟು ಒಂದು ತಂದೆ.

“ನಾನು ಮುಂದೆ” ಅಂದೆ. “ನೀನು ನನ್ನ ದೀಪ ನೋಡ್ಕೊಂಡು ಹಿಂದೆ. ಹನ್ನೆರಡಕ್ಕೆ ನಿಲ್ಲೋದು. ಬೇಡ ಅಂದ್ರೆ ಈಗಲೇ ಬಸ್ಸು.”

ಅಕ್ಕ ಹಳದಿ ಕೋಟನ್ನು ಮೇಲೆ ಕೆಳಗೆ ನೋಡಿದಳು. “ಬಾಳೆಹಣ್ಣಿನ ಹಾಗೆ ಕಾಣ್ತೀಯ” ಅಂದಳು.

ಇಲ್ಲ ಎನ್ನುವ ಧೈರ್ಯ ಮತ್ತೆ ನನಗಾಗಲಿಲ್ಲ. ಮನೆಗೆ ಹೋಗೋಣ ಎಂದು ಹೊರಟವಳು ಹೋಗದೇ ಇರುವ ದಾರಿ ಹುಡುಕಿ ತಂದೆ. ನಮ್ಮವ್ವ ಇದ್ದಿದ್ದರೆ ಇಬ್ಬರಿಗೂ ಸೇರಿ ನಾಲ್ಕು ಬಾರಿಸುತ್ತಿದ್ದಳು. ಮನೆಯವರಿಗೆ ಅಕ್ಕನ ಕಣ್ಣಿನ ವಿಷಯ ಹೇಳಿಲ್ಲ.

ಅಕ್ಟೋಬರ್ 11, ಶನಿವಾರ

ನಲವತ್ತೊಂದು ಕಿಲೋಮೀಟರ್. ಗಂಟಲು ಹೋಗಿದೆ.

ಮುಂದೆ ಹೋಗುವುದು ಹೀಗಿರುತ್ತದೆಂದು ಗೊತ್ತಿರಲಿಲ್ಲ. ಹಿಂದೆ ಇದ್ದಾಗ ನನ್ನ ಕಣ್ಣಿಗೆ ಬೀಳುತ್ತಿದ್ದುದು ಅಕ್ಕನ ಬೆನ್ನು ಮಾತ್ರ. ಈಗ ರಸ್ತೆ ಪೂರ್ತಿ ಎದುರಿಗೆ ಬರುತ್ತದೆ. ಏರಿಯ ಒಂದು ಕಡೆ ಕಾಲುವೆ ತುಂಬಿ ಹರಿಯುತ್ತಿದೆ, ಇನ್ನೊಂದು ಕಡೆ ಎರಡಾಳು ಇಳಿಜಾರು. ನಡುವೆ ಕೆಸರು ಮೆತ್ತಿದ ಡಾಂಬರು. “ಎಡಕ್ಕೆ ಗುಂಡಿ!” “ಬಲಕ್ಕೆ ಜಲ್ಲಿ!” “ನಾಯಿ ಇದೆ, ಕಟ್ಟಿದಾರೆ!” ಕೂಗುತ್ತಲೇ ಇರಬೇಕು. ಕೂಗಿ ಕಿವಿಗೊಟ್ಟು ಕೇಳಬೇಕು. ಹಿಂದಿನ ಚಕ್ರದ ಸದ್ದು ಬರುತ್ತಿದೆಯೇ, ದೂರವಾಯಿತೇ. ಒಮ್ಮೆ ಸದ್ದು ನಿಂತಿತು. ಜೀವ ಬಾಯಿಗೆ ಬಂತು. ತಿರುಗಿ ನೋಡಿದರೆ ಅಕ್ಕ ಮೂಗು ಒರೆಸಿಕೊಳ್ಳುತ್ತಿದ್ದಳು.

ಬೆಳಿಗ್ಗೆ ಕೋಳಿ ಮೊಟ್ಟೆ ಸಾಗಿಸುವವನೊಬ್ಬ ನನ್ನ ಕೂಗು ಕೇಳಿ ಜೊತೆಗೇ ಸ್ವಲ್ಪ ದೂರ ಬಂದ. “ಏನಮ್ಮ ಮಾರ್ತಾ ಇದೀರಿ?” ಅಂದ. ಅಕ್ಕ ಹಿಂದಿನಿಂದ, “ಗುಂಡಿ!” ಎಂದು ಉತ್ತರ ಕೊಟ್ಟಳು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ನಿಲ್ಲಿಸಿದೆ. ಒಂದೂವರೆಗೆ ಮಳೆ ಬಂತು. ಅಂಗಡಿಯವನ ಬಾಯಿಗೆ ಸಕ್ಕರೆ ಹಾಕಬೇಕು.

ಅಕ್ಟೋಬರ್ 12, ಭಾನುವಾರ

ಹೊರಡಲಿಲ್ಲ. ಬೆಳಿಗ್ಗೆ ಆರಕ್ಕೆ ಹೊರಗೆ ನಿಂತು ನೋಡಿದೆ. ಮೋಡ ಕೆಳಗೆ ಒಂದು ದಿಕ್ಕಿಗೆ, ಮೇಲೆ ಇನ್ನೊಂದು ದಿಕ್ಕಿಗೆ ಓಡುತ್ತಿತ್ತು. ಹಕ್ಕಿಗಳ ಸದ್ದೇ ಇಲ್ಲ. ಬೇಡ ಅಂದೆ. ಅಕ್ಕ ಮುಖ ಊದಿಸಿಕೊಂಡು ಮತ್ತೆ ಮಲಗಿದಳು.

ನಾವು ಉಳಿದಿರುವುದು ಲಾರಿ ತೂಕ ಹಾಕುವ ಕಟ್ಟೆಯ ಪಕ್ಕದ ಡ್ರೈವರುಗಳ ಕೋಣೆಯಲ್ಲಿ. ತೂಕದ ಗುಮಾಸ್ತ ಬಹಳ ಮಾತಿನವನು, ಭಾನುವಾರ ಲಾರಿಯಿಲ್ಲದೆ ಮಾತು ತೂಗುತ್ತ ಕೂತಿದ್ದ. ಮುಂದೆ ಹನ್ನೆರಡು ಕಿಲೋಮೀಟರಿಗೆ ಹೊಳೆ, ಅದಕ್ಕೆ ತಗ್ಗು ಸೇತುವೆ, ಬದಿಗೆ ಕಟಾಂಜನದ ಕಂಬಿ ಇಲ್ಲ ಎಂದ. ಅದನ್ನು ದಾಟಿದರೆ ಬೆಟ್ಟದ ಬುಡ.

“ನೀರು ಮೇಲೆ ಬಂದಿದ್ರೆ ಹೇಗೆ ಗೊತ್ತಾಗುತ್ತೆ, ದಾಟಬಹುದಾ ಇಲ್ವಾ ಅಂತ?”

“ಆಳ ನೋಡಬೇಡಿ, ಬಣ್ಣ ನೋಡಿ. ಕೆಂಪಾಗಿ, ಕಸಕಡ್ಡಿ ಹೊತ್ತು ಬಂದ್ರೆ ಏರ್ತಾ ಇದೆ ಅಂತ. ಅಂಚಲ್ಲಿ ಒಂದು ಕಡ್ಡಿ ನೆಟ್ಟು ಕಾಲು ಗಂಟೆ ಕೂತ್ಕೊಳ್ಳಿ. ನೀರು ಸುಳ್ಳು ಹೇಳಲ್ಲ.”

ಮಧ್ಯಾಹ್ನ ಪೂರ್ತಿ ಕಿಟಕಿಯ ಗಾಜು ಅದುರುತ್ತಿತ್ತು. ಅಕ್ಕ ಎದ್ದು ಕೂತು ಬ್ರೆಡ್ಡಿನ ಕೊನೇ ತುಂಡು ನನಗೆ ಕೊಟ್ಟಳು.

ಅಕ್ಟೋಬರ್ 13, ಸೋಮವಾರ

ನೆನಪಿರುವಷ್ಟು ಬರೆದುಬಿಡುತ್ತೇನೆ. ಬರೆಯದಿದ್ದರೆ ಕಣ್ಣು ಮುಚ್ಚಿದರೆ ಅದೇ ಬರುತ್ತದೆ.

ಬೆಳಿಗ್ಗೆ ಗಾಳಿ ನಿಂತಿತ್ತು. ಸೇತುವೆಯವರೆಗೆ ಹೋಗಿ ನೋಡೋಣ, ಆಗದಿದ್ದರೆ ವಾಪಸ್ ಎಂದು ಮಾತಾಯಿತು. ಎಂಟೂವರೆಗೆ ಮುಟ್ಟಿದೆವು. ಮೇಲಿನಿಂದ ಸಣ್ಣ ಮಳೆ, ಬೆಳಕು ಮಂಕು. ಸೇತುವೆಯ ಮೇಲೆ ನೀರು ಹರಿಯುತ್ತಿತ್ತು, ಕಾಲಿನ ಗಂಟು ಮುಳುಗುವಷ್ಟು. ಒಂದು ವ್ಯಾನು ಈಚೆ ಬದಿಗೆ ನಿಂತಿತ್ತು. ನಮ್ಮ ಕಣ್ಣೆದುರೇ ಒಂದು ಟ್ರ್ಯಾಕ್ಟರ್ ದಾಟಿತು.

“ದಾಟಿತಲ್ಲ” ಅಂದಳು ಅಕ್ಕ, ಸದ್ದು ಕೇಳಿ. “ಗಂಟಿನಷ್ಟು ನೀರು. ತಳ್ಳಿಕೊಂಡು ಹೋದ್ರೆ ಐದು ನಿಮಿಷ. ಇವತ್ತು ದಾಟದಿದ್ರೆ ಇನ್ನು ದಾಟೋ ಹಾಗೇ ಇಲ್ಲ.”

ನಾನು ಅಂಚಿನಲ್ಲಿ ಒಂದು ಕಡ್ಡಿ ನೆಟ್ಟೆ.

“ಏನು ಮಾಡ್ತಾ ಇದೀಯ?”

“ಕಾಲು ಗಂಟೆ ಕೂರೋದು.”

“ಪುಕ್ಲಿ” ಅಂದಳು. ಆಟಕ್ಕೆ ಅಂದದ್ದಲ್ಲ. ಅವಳು ಸೈಕಲ್ ತಳ್ಳಿಕೊಂಡು ನನ್ನನ್ನು ದಾಟಿ ಹೊರಟಳು. ನನಗೆ ಬೇರೇನೂ ತೋಚಲಿಲ್ಲ. ನನ್ನ ಸೈಕಲ್ಲನ್ನು ರಸ್ತೆಗೆ ಅಡ್ಡ ಮಲಗಿಸಿ ಅದರ ಮುಂದೆ ಕೂತುಬಿಟ್ಟೆ, ಕೆಸರಿನಲ್ಲಿ. “ನನ್ನ ತುಳಿದು ಹೋಗು” ಅಂದೆ. ಹಲ್ಲು ಕಟಕಟ ಅನ್ನುತ್ತಿತ್ತು, ಮಾತು ಸರಿಯಾಗಿ ಹೊರಟಿತೋ ಇಲ್ಲವೋ.

ಕಡ್ಡಿಯ ಬುಡ ಮುಳುಗಿತು. ನೀರು ಕೆಂಪಾಗಿತ್ತು, ಬೇರುಗಳು, ಒಂದು ಪ್ಲಾಸ್ಟಿಕ್ ಕುರ್ಚಿ ತೇಲಿ ಹೋದವು. ಆಗ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕಿನವನು ಬಂದ. ವ್ಯಾನಿನವನು ಬೇಡ ಎಂದು ಕೈಯಾಡಿಸಿದ. “ದಿನಾ ಹೋಗೋದೇ ಬಿಡಣ್ಣ” ಎನ್ನುತ್ತ ಇಳಿದ. ಅರ್ಧ ಸೇತುವೆಯಲ್ಲಿ ಅವನ ಹಿಂಚಕ್ರ ಪಕ್ಕಕ್ಕೆ ಜಾರಿತು. ಬೈಕು ಹೋಯಿತು. ಕ್ಯಾನ್‌ಗಳು ಹೋದವು. ಅವನು ಅಂಚಿನ ಗೂಟದ ಕಲ್ಲನ್ನು ತಬ್ಬಿಕೊಂಡ. ನೀರು ಅವನ ಎದೆಗೆ ಬಡಿಯುತ್ತಿತ್ತು.

ವ್ಯಾನಿನವನ ಹತ್ತಿರ ಗಾಡಿ ಎಳೆಯುವ ಹಗ್ಗ ಇತ್ತು. ಎಸೆದ. ನೆನೆದ ಹಗ್ಗ, ಅರ್ಧಕ್ಕೇ ಮುಳುಗಿತು. ಎರಡು ಸಲ. ನಮ್ಮ ನೀರಿನ ಬಾಟಲಿಗಳು ನೆನಪಾದವು. ನಾಲ್ಕನ್ನೂ ಚೆಲ್ಲಿ, ಬಿರಡೆ ಹಾಕಿ, ಹಗ್ಗದ ತುದಿಗೆ ಬಿಗಿದೆ. “ಮೇಲುಗಡೆಗೆ ಎಸೀರಿ, ನೀರೇ ತಗೊಂಡು ಹೋಗುತ್ತೆ” ಅಂದೆ. ತೇಲಿಕೊಂಡು ಹೋಗಿ ಅವನ ಕೈಗೆ ಸಿಕ್ಕಿತು. ಹಗ್ಗದ ಈಚೆ ತುದಿ ವ್ಯಾನಿಗೆ ಕಟ್ಟಿ, ನಾನೂ ವ್ಯಾನಿನವನೂ ಎಳೆದೆವು. ಅಂಗೈ ಎರಡೂ ಸುಲಿದಿವೆ.

ಇಷ್ಟು ಹೊತ್ತೂ ಹಿಂದೆ ಅಕ್ಕ ಕೂಗುತ್ತಿದ್ದಳು. ಮೊದಲು ನನಗೆ ಕೇಳಿಸಲಿಲ್ಲ. ಕೇಳಿಸಿದಾಗ ಅದು ಅಕ್ಕನ ದನಿ ಎಂದು ಗೊತ್ತಾಗಲಿಲ್ಲ. “ಏನಾಯ್ತು? ಯಾರು ಬಿದ್ದಿದ್ದು? ಪುಟ್ಟಾ, ನೀನೆಲ್ಲಿದೀಯ? ಯಾರಾದ್ರೂ ಹೇಳ್ರೀ!” ಆ ಮಂಕು ಬೆಳಕಿನಲ್ಲಿ, ಮಳೆಯಲ್ಲಿ ಅವಳಿಗೆ ಏನೇನೂ ಕಾಣುತ್ತಿರಲಿಲ್ಲ. ನೀರಿನ ಸದ್ದು, ಗಂಡಸರ ಕೂಗು, ಅಷ್ಟೇ. ನೀರಿನಲ್ಲಿರುವವಳು ನಾನೇ ಎಂದುಕೊಂಡಿದ್ದಾಳೆ.

“ಇಲ್ಲಿದೀನಿ ಅಕ್ಕ! ದಡದ ಮೇಲೇ ಇದೀನಿ! ಹಾಲಿನವನು ಬಿದ್ದಿದ್ದು. ಹಗ್ಗ ಹಿಡ್ಕೊಂಡ. ಬರ್ತಾ ಇದಾನೆ. ಮೊಣಕಾಲಿನ ನೀರಿಗೆ ಬಂದ. ಬಂದ ಅಕ್ಕ!” ಎಳೆಯುತ್ತ ಎಲ್ಲವನ್ನೂ ಕೂಗಿ ಹೇಳಿದೆ, ಗುಂಡಿ ಹೇಳುವ ಹಾಗೆ.

ಹಾಲಿನವನನ್ನು ವ್ಯಾನಿನಲ್ಲಿ ಮಲಗಿಸಿ ಅಕ್ಕನ ಹತ್ತಿರ ಬಂದೆ. ಅವಳು ಎರಡೂ ಸೈಕಲ್ಲುಗಳ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ನಿಂತಿದ್ದಳು. ಬೆರಳು ಬಿಡಿಸಬೇಕಾಯಿತು. ಆಮೇಲೆ ನನ್ನ ಮುಖ, ತಲೆ, ಭುಜ ಎಲ್ಲ ಮುಟ್ಟಿ ನೋಡಿದಳು.

ನನ್ನಿಂದೇನೂ ದೊಡ್ಡದಾಗಲಿಲ್ಲ. ಬಾಟಲಿ ಕಟ್ಟಿದೆ, ಅಷ್ಟೇ. ಎಳೆದದ್ದೆಲ್ಲ ವ್ಯಾನಿನವನು. ನಾನು ಅಷ್ಟು ಹೊತ್ತೂ ಹೆದರಿ ನಡುಗುತ್ತಿದ್ದೆ.

ಅಕ್ಟೋಬರ್ 14, ಮಂಗಳವಾರ

ವ್ಯಾನಿನವನು ಕೆಲಸ ಮಾಡುವ ಕಾಗದದ ಗೋಡೌನಿನಲ್ಲಿ ಇದ್ದೇವೆ. ಆಳೆತ್ತರದ ಕಾಗದದ ಸುರುಳಿಗಳು ಸಾಲುಸಾಲಾಗಿ ನಿಂತಿವೆ, ತಗಡಿನ ಮಾಡು. ಹಾಲಿನವನು ಆಸ್ಪತ್ರೆಯಲ್ಲಿ ಗಂಜಿ ಕುಡಿದನಂತೆ.

ಬಿರುಗಾಳಿ ಹತ್ತು ಗಂಟೆಗೆ ಬಂತು, ಹಾಡುಹಗಲೇ. ಮೊದಲು ದೂರದಲ್ಲಿ ರೈಲು ಬಂದ ಹಾಗೆ. ಆ ರೈಲು ನಿಲ್ಲಲೇ ಇಲ್ಲ. ಮಾಡಿನ ತಗಡು ಒಂದೊಂದೇ ಮೂಲೆಯಿಂದ ಎದ್ದು ಬಡಿದುಕೊಂಡವು. ಹನ್ನೊಂದರ ಹೊತ್ತಿಗೆ ಒಂದು ತಗಡು ಕಿತ್ತುಕೊಂಡು ಹೋಯಿತು. ಅಲ್ಲಿಂದ ನೀರು ಸುರಿದು ಸುರುಳಿಗಳು ಉಬ್ಬತೊಡಗಿದವು. ವ್ಯಾನಿನವನು ಶಟರಿಗೆ ಬೆನ್ನು ಕೊಟ್ಟು ನಿಂತಿದ್ದ, ಮಾಡು ಹೋದರೆ ಸುರುಳಿಗಳ ನಡುವೆ ನುಗ್ಗಿ ಕೂತುಬಿಡಿ ಎಂದು ಹೇಳಿದ. ನಾನು ಅಕ್ಕನನ್ನು ಎರಡು ಸುರುಳಿಗಳ ಸಂದಿಗೆ ದೂಡಿ ಎದುರಿಗೆ ಕೂತೆ. ಕರೆಂಟು ಹೋಗಿತ್ತು. ಅವಳಿಗೆ ಪೂರ್ತಿ ಕತ್ತಲೆ.

“ನಿನಗೊಂದು ಹೇಳ್ಬೇಕು” ಅಂದಳು. ಸದ್ದಿಗೆ ಕಿವಿಯ ಹತ್ತಿರ ಬಾಯಿಟ್ಟು ಹೇಳಬೇಕಿತ್ತು. “ಆ ಕ್ಲಬ್ಬಿನವಳ ಮೊಣಕಾಲಿಗೆ ಏನೂ ಆಗಿಲ್ಲ. ನನ್ನ ಕಣ್ಣಿನ ವಿಷಯ ತಿಳಿದು, ‘ನಿನ್ನ ಜೊತೆ ರಸ್ತೆಗೆ ಇಳಿಯಲ್ಲ’ ಅಂದ್ಲು. ಅದಕ್ಕೇ ನಿನ್ನ ಕರೆದೆ. ನೀನು ನನಗೆ ಇಲ್ಲ ಅನ್ನಲ್ಲ ಅಂತ ಗೊತ್ತಿತ್ತು.”

ಆ ಕ್ಷಣ ಮಾಡಿನ ಹೆದರಿಕೆ ಮರೆತೇ ಹೋಯಿತು. ಕಿವಿ ಬಿಸಿಯಾಯಿತು. ನನಗೊಂದು ಮನೆಯಿದೆ, ಗಂಡನಿದ್ದಾನೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಹೊರಗಿನವಳು ಬೇಡ ಎಂದ ಅಪಾಯಕ್ಕೆ ನಾನು ಆಗುತ್ತೇನೆ, ಯಾಕೆಂದರೆ ನಾನು ಬಾಯಿ ಬಿಡುವುದಿಲ್ಲ.

“ಈಗ ಅಂತೀನಿ” ಎಂದು ಅವಳ ಕಿವಿಯಲ್ಲಿ ಕಿರುಚಿದೆ. “ಇಲ್ಲ. ಬೆಟ್ಟ ಇಲ್ಲ, ಸಮುದ್ರ ಇಲ್ಲ, ದೀಪಸ್ತಂಭ ಇಲ್ಲ. ಕೇಳಿಸ್ತಾ?”

“ಕೇಳಿಸ್ತು.”

“ಇನ್ನೊಂದು ಸಲ ನನ್ನ ಹತ್ತಿರ ಮುಚ್ಚಿಟ್ರೆ ನಾನು ನಿನ್ನ ತಂಗಿ ಅಲ್ಲ.”

“ಸಮುದ್ರ ನೋಡ್ಬೇಕಿತ್ತು ಕಣೇ” ಅಂದಳು. ಅಳುತ್ತಿದ್ದಳು. ಸಿಟ್ಟಿನಲ್ಲೇ ಅವಳ ಕೈ ಹಿಡಿದುಕೊಂಡೆ. ಎರಡು ಗಂಟೆಯವರೆಗೆ ಹಾಗೇ ಕೂತಿದ್ದೆವು. ಮಾಡು ಉಳಿಯಿತು.

ಅಕ್ಟೋಬರ್ 16, ಗುರುವಾರ

ಬೆಟ್ಟದ ರಸ್ತೆ ಹನ್ನೊಂದು ಕಡೆ ಕುಸಿದಿದೆಯಂತೆ, ಒಂದು ತಿಂಗಳು ಮುಚ್ಚುತ್ತಾರೆ. ನಾವು ದಾಟಿದ್ದರೆ ಎಂದು ಒಮ್ಮೆ ಯೋಚಿಸಿದೆ, ಮತ್ತೆ ಯೋಚಿಸಲಿಲ್ಲ.

ಮನೆಯವರು, ಇವತ್ತೇ ಬಸ್ಸು ಹತ್ತಿ ಅಂದರು. ಅಕ್ಕನ ಕಣ್ಣಿನ ವಿಷಯ ಹೇಳಿದೆ. “ಮತ್ತೆ ಹೇಗೆ ಬರ್ತೀರಿ?” ಎಂದು ಕೇಳಿದರು.

“ಸೈಕಲ್ಲಲ್ಲೇ. ಬೆಳಿಗ್ಗೆ ಮಾತ್ರ. ಕಾಲುವೆ ದಾರಿ ಗೊತ್ತಿದೆ ನನಗೆ” ಅಂದೆ. ಫೋನ್ ಇಟ್ಟಮೇಲೆ ಗಾಬರಿಯಾಯಿತು. ಯಾಕೆ ಹಾಗಂದೆನೋ.

ಅಕ್ಟೋಬರ್ 18, ಶನಿವಾರ

ಎರಡು ದಿನದಿಂದ ಬಿಸಿಲು. ರಸ್ತೆಯ ತುಂಬ ಎಲೆ, ಮುರಿದ ಕೊಂಬೆ.

ಕಾಲುವೆ ಹುಟ್ಟುವ ಅಣೆಕಟ್ಟು ನಮ್ಮ ದಾರಿಯಿಂದ ಆರು ಕಿಲೋಮೀಟರ್ ಒಳಗೆ ಎಂದು ತೂಕದ ಗುಮಾಸ್ತ ಹೇಳಿದ್ದ. ಬೆಳಿಗ್ಗೆ ಅಕ್ಕನಿಗೆ ಹೇಳದೆ ಆ ಕಡೆ ತಿರುಗಿಸಿದೆ. ಕಾವಲುಗಾರ ಸೈಕಲ್ ಆದರೆ ಬಿಡುತ್ತೇನೆ ಅಂದ. ಕಟ್ಟೆಯ ಮೇಲೆ ನೇರ ರಸ್ತೆ, ಎರಡೂವರೆ ಕಿಲೋಮೀಟರ್, ಎರಡೂ ಬದಿಗೆ ಸೊಂಟದೆತ್ತರ ಗೋಡೆ, ಗಾಡಿಗಳಿಗೆ ಗೇಟು ಹಾಕಿದೆ. ಎಡಕ್ಕೆ ನೀರು. ಕಣ್ಣು ಹಾಯಿಸಿದಷ್ಟೂ ನೀರೇ, ಆಚೆ ದಡ ಕಾಣುವುದಿಲ್ಲ. ಗಂಟೆ ಹತ್ತು, ಮೋಡದ ಚೂರೂ ಇಲ್ಲ.

ಅಕ್ಕ ಇಳಿದು ಗೋಡೆಗೆ ಕೈಯೂರಿ, ನಿಧಾನವಾಗಿ ತಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಿದಳು. ಮತ್ತೆ ಈ ತುದಿಗೆ. ಹೀಗೆ ಎಷ್ಟು ಸಲ ಮಾಡಿದಳೋ.

“ಉಪ್ಪಿಲ್ಲ ಅಷ್ಟೇ” ಅಂದಳು. ಆಮೇಲೆ, “ನಾನು ಮುಂದೆ ಹೋಗ್ಲಾ? ಇದೊಂದು ರಸ್ತೆ. ನೀನು ಕೂಗಬೇಡ.”

ಹ್ಞೂಂ ಅಂದೆ.

ಅವಳು ಹೊರಟಳು. ನಡುವೆ, ಬಿಳಿ ಗೆರೆಯ ಮೇಲೆ. ನೂರು ಮೀಟರಾದ ಮೇಲೆ ವೇಗ ಹಿಡಿದಳು. ನಾನು ಹಿಂದೆ ತುಳಿದೆ. ರಸ್ತೆಯ ಮೇಲೆ ಅಲ್ಲಲ್ಲಿ ಗಾಳಿ ತಂದು ಹಾಕಿದ ಕಸವಿತ್ತು. ಬಲಗಡೆ ಒಂದು ದಪ್ಪ ಕೊಂಬೆ. ‘ಬಲಕ್ಕೆ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ತುಟಿ ಕಚ್ಚಿಕೊಂಡೆ. ಹೊಳೆಯ ದಂಡೆಯಲ್ಲಿ ಕೂತಾಗ ಕೂಡ ಇಷ್ಟು ಹೆದರಿರಲಿಲ್ಲ. ಅವಳು ಒಂದು ಗೇಣು ಎಡಕ್ಕೆ ಸರಿದು ದಾಟಿದಳು. ಕಂಡು ಸರಿದಳೋ, ಸುಮ್ಮನೆ ಸರಿದಳೋ ಗೊತ್ತಿಲ್ಲ. ಆಮೇಲೆ ಎರಡೂ ಕಾಲನ್ನು ಪೆಡಲಿನಿಂದ ಎತ್ತಿ ಅಗಲಕ್ಕೆ ಚಾಚಿ, ಉರುಳುತ್ತ ಹೋದಳು. ಐವತ್ತೊಂದು ವರ್ಷದ ಹೆಂಗಸು.

ತುದಿಯಲ್ಲಿ ಸೈಕಲ್ ನಿಲ್ಲಿಸಿ ನನಗೆ ಕಾದಳು. ನಾನು ಹತ್ತಿರ ಬಂದಾಗ, “ಉಸಿರಾಡ್ತಾ ಇದೀಯ ತಾನೆ?” ಎಂದು ಕೇಳಿದಳು.

ಅಲ್ಲೇ ನೆರಳಿನಲ್ಲಿ ಕೂತು ಬಾಳೆಹಣ್ಣು ತಿಂದೆವು. ಮಧ್ಯಾಹ್ನ ಪಶ್ಚಿಮದಲ್ಲಿ ಸ್ವಲ್ಪ ಮೋಡ ಕಟ್ಟಿತು. ನಾಳೆ ಬೆಳಿಗ್ಗೆ ಮಂಜು ಬೀಳಬಹುದು ಅನ್ನಿಸಿ, “ಏಳಕ್ಕೆ ಬೇಡ, ಒಂಬತ್ತಕ್ಕೆ ಹೊರಡೋಣ. ಮೂವತ್ತು ಕಿಲೋಮೀಟರ್ ಸಾಕು” ಅಂದೆ.

“ಸರಿ” ಅಂದಳು.

ಹುಟ್ಟಿದಾಗಿನಿಂದ ಅಕ್ಕ ನನ್ನ ಮಾತಿಗೆ ಒಂದೇ ಏಟಿಗೆ ಸರಿ ಅಂದದ್ದು ನೆನಪಿಲ್ಲ. ಬಿಸಿಲಿಗೆ ಆಯಾಸವಾಗಿರಬೇಕು.